ಯುರೋಪಿನಲ್ಲಿ ಕೆಲಸ ಹೋದರೆ ಯಾರು ಕೊಡುತ್ತಾರೆ, ಎಷ್ಟು, ಎಷ್ಟು ದಿನ?

ಪ್ರಶ್ನೆ: ಯುರೋಪಿನಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಹಳೆಯ ಸಂಬಳದ ಶೇ. 90ರಷ್ಟು ಕೊಡುತ್ತದೆ ಎಂದು ಓದಿದ್ದೇನೆ. ಯುರೋಪಿಗೆಲ್ಲ ಒಂದೇ ಕಾನೂನು ಇದೆಯೇ? ಇಂಥ ವ್ಯವಸ್ಥೆ ಅಲ್ಲಿ ಹೇಗೆ ಬೆಳೆದು ಬಂತು? ನನ್ನ ಮಗ ಸುಮಾರು ಎರಡು ವರ್ಷದಿಂದ ಜರ್ಮನಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಇದ್ದಾನೆ, ಬ್ಲೂ ಕಾರ್ಡ್ (ಹೊರದೇಶದ ನುರಿತ ನೌಕರರಿಗೆ ಕೊಡುವ ವಾಸ, ಕೆಲಸದ ಪರವಾನಗಿ) ಇದೆ. ಜನರನ್ನು ಕಡಿಮೆ ಮಾಡುವ ಮಾತು ಅಲ್ಲಿ ನಡೆದಿದೆಯಂತೆ. ಅವನಿಗೂ ಏನಾದರೂ ಸಿಗುತ್ತದೆಯೇ?
— ನಿವೃತ್ತ ಶಿಕ್ಷಕರೊಬ್ಬರು, ಶಿವಮೊಗ್ಗ

ಉತ್ತರ: ಮಗನ ವಿಷಯವನ್ನೇ ಮೊದಲು ನೋಡೋಣ. ಅಲ್ಲಿ ದಿನಗಳ ಲೆಕ್ಕವಿದೆ, ತಡವಾದರೆ ಹಣ ಹೋಗುತ್ತದೆ. ಚರಿತ್ರೆಗೆ ಅವಸರವಿಲ್ಲ.

ಜರ್ಮನಿಯಲ್ಲಿ ಸಂಬಳಕ್ಕೆ ದುಡಿಯುವ ಬಹುಪಾಲು ಜನರ ಸಂಬಳ ಚೀಟಿಯಲ್ಲಿ ನಿರುದ್ಯೋಗ ವಿಮೆಯ ಕಂತು ಕಡಿತವಾಗಿರುತ್ತದೆ. ಅದು ಸಂಬಳದ ಶೇ. 2.6, ಅರ್ಧ ನೌಕರರದು, ಅರ್ಧ ಕಂಪನಿಯದು. ನೀವು ಯಾವ ದೇಶದವರು ಎಂದು ಈ ವಿಮೆ ಕೇಳುವುದಿಲ್ಲ. ಹಿಂದಿನ 30 ತಿಂಗಳಲ್ಲಿ ಕನಿಷ್ಠ 12 ತಿಂಗಳ ಕಂತು ಸಂದಾಯವಾಗಿರಬೇಕು. ಹಾಗಿದ್ದರೆ ಕೆಲಸ ಹೋದಾಗ ಭತ್ಯೆ ಸಿಗುತ್ತದೆ: ಕಡಿತಗಳೆಲ್ಲ ಹೋಗಿ ಕೈಗೆ ಬರುತ್ತಿದ್ದ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67. ತೀರಾ ದೊಡ್ಡ ಸಂಬಳವಾದರೆ ಲೆಕ್ಕಕ್ಕೆ ಒಂದು ಮೇಲ್ಮಿತಿ ಇದೆ. ಭತ್ಯೆ ಬರುವಷ್ಟು ದಿನ ಆರೋಗ್ಯ ವಿಮೆಯ ಕಂತನ್ನೂ ಉದ್ಯೋಗ ಕಚೇರಿಯೇ ಕಟ್ಟುತ್ತದೆ.

ಎಷ್ಟು ದಿನ ಎಂಬುದು ಕಂತು ಕಟ್ಟಿದ ತಿಂಗಳ ಮೇಲೆ ನಿಂತಿದೆ. 12 ತಿಂಗಳು ಕಟ್ಟಿದ್ದರೆ 6 ತಿಂಗಳು ಭತ್ಯೆ, 16ಕ್ಕೆ 8, 20ಕ್ಕೆ 10, 24ಕ್ಕೆ 12. ಐವತ್ತು ದಾಟಿದವರಿಗೆ ಇನ್ನೂ ಹೆಚ್ಚು. 58 ದಾಟಿ 48 ತಿಂಗಳು ಕಟ್ಟಿದವರಿಗೆ 24 ತಿಂಗಳವರೆಗೂ ಸಿಗುತ್ತದೆ. ನೀವು ‘ಸುಮಾರು ಎರಡು ವರ್ಷ’ ಎಂದು ಬರೆದಿದ್ದೀರಿ. ಆ ‘ಸುಮಾರು’ ಇಲ್ಲಿ ದುಬಾರಿಯಾಗಬಹುದು. 23 ತಿಂಗಳಿಗೆ ಕೆಲಸ ಮುಗಿದರೆ ಸಿಗುವುದು 10 ತಿಂಗಳ ಭತ್ಯೆ, 24 ತುಂಬಿದರೆ 12 ತಿಂಗಳದು. ಹಾಗಾಗಿ ಸಂಬಳ ಚೀಟಿಗಳನ್ನು ಮುಂದಿಟ್ಟುಕೊಂಡು ತಿಂಗಳುಗಳನ್ನು ಎಣಿಸಲು ಹೇಳಿ. ನೋಟಿಸ್ ಅವಧಿಯಲ್ಲೂ ಸಂಬಳ ಬರುತ್ತದೆ, ಕಂತು ಕಟ್ಟುತ್ತದೆ. ಆ ತಿಂಗಳುಗಳೂ ಲೆಕ್ಕಕ್ಕೆ ಸೇರುತ್ತವೆ.

ಜನ ಎಡವುವುದು ಮುಖ್ಯವಾಗಿ ಮೂರು ಕಡೆ.

ಒಂದು, ನೋಂದಣಿ. ಅದು ಎರಡು ಬೇರೆ ಬೇರೆ ಕೆಲಸ. ಕೆಲಸ ಮುಗಿಯುವ ದಿನಾಂಕಕ್ಕೆ ಮೂರು ತಿಂಗಳು ಮುಂಚೆಯೇ ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಉದ್ಯೋಗ ಕಚೇರಿಗೆ ತಿಳಿಸಬೇಕು. ಅಷ್ಟು ಮುಂಚೆ ಗೊತ್ತಾಗಿರದಿದ್ದರೆ, ಗೊತ್ತಾದ ಮೂರು ದಿನದೊಳಗೆ. ತಡವಾದರೆ ಒಂದು ವಾರದ ಭತ್ಯೆ ಹೋಗುತ್ತದೆ. ಆಮೇಲೆ ಕೆಲಸವಿಲ್ಲದ ಮೊದಲ ದಿನ ‘ಈಗ ನಿರುದ್ಯೋಗಿ’ ಎಂದು ಮತ್ತೆ ನೋಂದಾಯಿಸಬೇಕು. ಭತ್ಯೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ. ಮೊದಲನೆಯದನ್ನು ಮಾಡಿ, ಎಲ್ಲ ಮುಗಿಯಿತು ಎಂದುಕೊಂಡು ಎರಡನೆಯದನ್ನು ಮರೆಯುವವರು ಬಹಳ.

ಎರಡು, ಸಹಿ. ಕಂಪನಿಗಳು ಒಂದಿಷ್ಟು ಹಣ ಮುಂದಿಟ್ಟು ‘ಪರಸ್ಪರ ಒಪ್ಪಿಗೆಯಿಂದ ಕೆಲಸ ಮುಗಿಸಿದ್ದೇವೆ’ ಎಂಬ ಪತ್ರಕ್ಕೆ ಸಹಿ ಕೇಳುವುದುಂಟು. ಸಹಿ ಹಾಕಿದರೆ, ಕೆಲಸವನ್ನು ನೀವೇ ಬಿಟ್ಟಂತೆ ಎಂದು ಕಚೇರಿ ತೀರ್ಮಾನಿಸಬಹುದು. ಆಗ 12 ವಾರ ಭತ್ಯೆ ಇಲ್ಲ. ಅದು ಹನ್ನೆರಡು ವಾರ ತಡವಾಗಿ ಬರುವುದೂ ಅಲ್ಲ. ಒಟ್ಟು ಅವಧಿಯಲ್ಲೇ ಕಾಲುಭಾಗವಾದರೂ ಕಡಿತವಾಗುತ್ತದೆ. ರಾಜೀನಾಮೆಗೂ ಇದೇ ಗತಿ. ‘ತೆಗೆದುಹಾಕಿಸಿಕೊಂಡರೆ ಅವಮಾನ, ನಾನೇ ಬಿಟ್ಟೆ ಅಂದರೆ ಗೌರವ’ ಎಂಬುದು ನಮ್ಮವರಲ್ಲಿ ಬೇರೂರಿದ ಭಾವನೆ. ಜರ್ಮನಿಯಲ್ಲಿ ಅದಕ್ಕೆ ಮೂರು ತಿಂಗಳ ಅನ್ನ ತೆರಬೇಕಾಗುತ್ತದೆ. ಕಾರ್ಮಿಕ ಕಾನೂನಿನ ವಕೀಲರಿಗೋ ಕಾರ್ಮಿಕ ಸಂಘಕ್ಕೋ ತೋರಿಸದೆ ಯಾವ ಕಾಗದಕ್ಕೂ ಸಹಿ ಬೇಡ.

ಮೂರು, ಮೂರು ವಾರದ ಗಡುವು. ಕೆಲಸದಿಂದ ತೆಗೆಯುವ ನೋಟಿಸ್ ಕಾಗದದಲ್ಲಿ, ಸಹಿಯೊಂದಿಗೆ ಬರಬೇಕು. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಅದು ಕೈಸೇರಿದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ, ತೆಗೆದದ್ದು ತಪ್ಪೇ ಆಗಿದ್ದರೂ ಅದು ಸಿಂಧುವಾಗಿಬಿಡುತ್ತದೆ. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಆರು ತಿಂಗಳು ದಾಟಿದವರನ್ನು ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಇಂಥ ಬಹಳಷ್ಟು ದಾವೆಗಳು ಪರಿಹಾರದ ಹಣದಲ್ಲಿ ರಾಜಿಯಾಗುತ್ತವೆ.

ಬ್ಲೂ ಕಾರ್ಡ್ ಇರುವುದರಿಂದ ಇನ್ನೊಂದು ಕೆಲಸವಿದೆ. ನೌಕರಿ ಮುಗಿದದ್ದನ್ನು ತಿಳಿದ ಎರಡು ವಾರದೊಳಗೆ ವಿದೇಶಿಯರ ಕಚೇರಿಗೆ ತಿಳಿಸುವುದು ನೌಕರರ ಹೊಣೆ. ಐರೋಪ್ಯ ಒಕ್ಕೂಟದ ಬ್ಲೂ ಕಾರ್ಡ್ ನಿಯಮದಂತೆ ಕಾರ್ಡು ಸಿಕ್ಕಿ ಎರಡು ವರ್ಷ ಆಗಿರದಿದ್ದರೆ ಮೂರು ತಿಂಗಳ ನಿರುದ್ಯೋಗದ ಕಾರಣಕ್ಕೆ ಅದನ್ನು ರದ್ದು ಮಾಡುವಂತಿಲ್ಲ. ಎರಡು ವರ್ಷ ತುಂಬಿದ್ದರೆ ಆರು ತಿಂಗಳು. ಭತ್ಯೆ ಪಡೆದರೆ ವೀಸಾಕ್ಕೆ ಕುತ್ತು ಬರುತ್ತದೆ ಎಂದು ಹೆದರಿ ಅರ್ಜಿಯನ್ನೇ ಹಾಕದ ಭಾರತೀಯರಿದ್ದಾರೆ. ಆ ಹೆದರಿಕೆ ಬೇಡ. ಇದು ಕಂತು ಕಟ್ಟಿ ಗಳಿಸಿದ ಹಕ್ಕು. ಸರ್ಕಾರದ ನೆರವಿನ ಮೇಲೆ ಬದುಕಿದರು ಎಂದು ಇದನ್ನು ಎಣಿಸುವುದಿಲ್ಲ. ಎಣಿಸುವುದು, ಈ ಭತ್ಯೆ ಮುಗಿದ ಮೇಲೆ ತೆರಿಗೆ ಹಣದಿಂದ ಕೊಡುವ ಜೀವನಾಧಾರದ ನೆರವನ್ನು. ಈ ಎರಡರ ನಡುವಿನ ಗೆರೆ ಎಲ್ಲಿಂದ ಬಂತು ಎಂಬುದೇ ನಿಮ್ಮ ಉಳಿದ ಪ್ರಶ್ನೆಗಳಿಗೆ ಕೀಲಿಕೈ.

ಆ ಗೆರೆಯನ್ನು ಎಳೆದವರು ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. 1878ರಲ್ಲಿ ಸಮಾಜವಾದಿ ಸಂಘಟನೆಗಳನ್ನು ಕಾನೂನಿನಿಂದ ಹತ್ತಿಕ್ಕಿದ ಅದೇ ಮನುಷ್ಯ, ಕಾರ್ಮಿಕರನ್ನು ಪ್ರಭುತ್ವದ ಕಡೆಗೆ ಒಲಿಸಿಕೊಳ್ಳಲು 1883ರಲ್ಲಿ ಕಾಯಿಲೆ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪಿನ ಪಿಂಚಣಿ ತಂದರು. ಕಾಯಿಲೆ ವಿಮೆಯ ಕಂತಿನಲ್ಲಿ ಮೂರರಲ್ಲಿ ಎರಡು ಪಾಲು ಕಾರ್ಮಿಕರದು, ಒಂದು ಪಾಲು ಮಾಲೀಕರದು. ಅಪಘಾತ ವಿಮೆ ಪೂರ್ತಿ ಮಾಲೀಕರದು. ಪಿಂಚಣಿಗೆ 70 ವರ್ಷವಾಗಬೇಕಿತ್ತು, ಆ ವಯಸ್ಸು ಕಾಣುತ್ತಿದ್ದ ಕಾರ್ಮಿಕರು ಕಡಿಮೆ. ಕಟ್ಟಿದವರಿಗೆ ಮಾತ್ರ, ಕಟ್ಟಿದಷ್ಟಕ್ಕೆ ತಕ್ಕಂತೆ: ಜರ್ಮನಿ, ಆಸ್ಟ್ರಿಯ, ಫ್ರಾನ್ಸ್, ಬೆಲ್ಜಿಯಂಗಳ ವ್ಯವಸ್ಥೆ ಇಂದಿಗೂ ಬಹುಮಟ್ಟಿಗೆ ಈ ಬುನಾದಿಯ ಮೇಲೇ ನಿಂತಿದೆ. ನಿರುದ್ಯೋಗಕ್ಕೆ ವಿಮೆ ಬಂದದ್ದು ಮಾತ್ರ ಬಹಳ ತಡವಾಗಿ, 1927ರಲ್ಲಿ. ಕಾಯಿಲೆಯನ್ನು ವೈದ್ಯರು ನೋಡಿ ಹೇಳಬಲ್ಲರು. ಕೆಲಸ ಸಿಗಲಿಲ್ಲವೋ, ಹುಡುಕಲಿಲ್ಲವೋ ಎಂದು ಹೇಳುವವರು ಯಾರು? ನಿಮ್ಮ ಮಗ ದಾಟಬೇಕಾದ ನೋಂದಣಿ, ಗಡುವು, 12 ವಾರದ ದಂಡ ಎಲ್ಲವೂ ಈ ಒಂದು ಅನುಮಾನದ ಮಕ್ಕಳು. (ನಮ್ಮಲ್ಲಿ 1948ರ ಕಾಯ್ದೆಯಿಂದ ಬಂದ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯೂ ಮಾಲೀಕರು, ಕಾರ್ಮಿಕರು ಇಬ್ಬರೂ ಕಂತು ಕಟ್ಟುವ ಇದೇ ಮಾದರಿಯದು. ಅದರಡಿ ಕೆಲಸ ಕಳೆದುಕೊಂಡವರಿಗೆ 90 ದಿನದವರೆಗೆ ಅರ್ಧ ಸಂಬಳ ಕೊಡುವ ಯೋಜನೆ ಈಚಿನದು. ಇದೆ ಎಂದು ಗೊತ್ತಿಲ್ಲದ ಕಾರ್ಮಿಕರೇ ಹೆಚ್ಚು.)

ಬ್ರಿಟನ್ ಬೇರೆ ದಾರಿ ಹಿಡಿಯಿತು. 1911ರಲ್ಲೇ ಕೆಲವು ಉದ್ಯಮಗಳಿಗೆ ನಿರುದ್ಯೋಗ ವಿಮೆ ತಂದ ಆ ದೇಶ, ಯುದ್ಧದ ನಡುವೆ 1942ರಲ್ಲಿ ಬಂದ, ವಿಲಿಯಂ ಬೆವರಿಜ್ ಎಂಬ ಅರ್ಥಶಾಸ್ತ್ರಜ್ಞರ ವರದಿಯ ಮೇಲೆ ತನ್ನ ವ್ಯವಸ್ಥೆಯನ್ನು ಕಟ್ಟಿತು. ಎಲ್ಲರಿಗೂ ಒಂದೇ ಕಂತು, ಎಲ್ಲರಿಗೂ ಒಂದೇ ಮೊತ್ತ, ಬದುಕಲು ಬೇಕಾದಷ್ಟು. ಅದಕ್ಕಿಂತ ಹೆಚ್ಚು ಬೇಕೆಂದರೆ ನೀವೇ ಕೂಡಿಡಿ. ಅದಕ್ಕೇ ಬ್ರಿಟನ್ನಿನ ನಿರುದ್ಯೋಗ ಭತ್ಯೆ ಹಳೆಯ ಸಂಬಳದ ಜೊತೆ ಹೋಲಿಸಿದರೆ ಇಂದಿಗೂ ಬಹಳ ಕಡಿಮೆ.

ಮೂರನೆಯ ದಾರಿ ಬೆಲ್ಜಿಯಂನ ಗೆಂಟ್ ಪಟ್ಟಣದ್ದು. 1901ರಲ್ಲಿ ಅಲ್ಲಿನ ನಗರಸಭೆ, ಕಾರ್ಮಿಕ ಸಂಘಗಳು ತಮ್ಮ ಸದಸ್ಯರಿಗೆ ಕೊಡುತ್ತಿದ್ದ ನಿರುದ್ಯೋಗ ಹಣಕ್ಕೆ ತಾನೂ ಒಂದಿಷ್ಟು ಸೇರಿಸತೊಡಗಿತು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್ ಇದನ್ನೇ ಹಿಡಿದವು. ಅಲ್ಲಿ ನಿರುದ್ಯೋಗ ನಿಧಿಗೆ ಸೇರುವುದು ಬಿಡುವುದು ನೌಕರರ ಇಷ್ಟ. ನಿಧಿಗಳು ಕಾರ್ಮಿಕ ಸಂಘಗಳ ಜೊತೆ ಬೆಸೆದುಕೊಂಡಿವೆ, ದೊಡ್ಡ ಪಾಲು ಹಣ ಸರ್ಕಾರದ್ದು. ಆ ದೇಶಗಳಲ್ಲಿ ಸಂಘಗಳು ಇಂದಿಗೂ ಬಲವಾಗಿ ಉಳಿದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ನೀವು ಓದಿದ ಶೇ. 90 ಬಂದದ್ದು ಈ ಮೂರನೆಯ ದಾರಿಯಿಂದ. ಅದು ಡೆನ್ಮಾರ್ಕಿನ ಅಂಕಿ. ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳುತ್ತದೆ. ಭತ್ಯೆ ಹಳೆಯ ಸಂಬಳದ ಶೇ. 90ರವರೆಗೆ, ಆದರೆ ಒಂದು ಮೇಲ್ಮಿತಿಯೊಳಗೆ (2025ರಲ್ಲಿ ಅದು ತಿಂಗಳಿಗೆ ಸುಮಾರು 21 ಸಾವಿರ ಡ್ಯಾನಿಶ್ ಕ್ರೋನರ್). ಹಾಗಾಗಿ ಶೇ. 90 ನಿಜವಾಗಿ ಸಿಗುವುದು ಕಡಿಮೆ ಸಂಬಳದವರಿಗೆ. ಸರಾಸರಿ ಸಂಬಳದವರಿಗೆ ಸಿಗುವುದು ಅರ್ಧದ ಆಸುಪಾಸು. ಎಂಜಿನಿಯರಿಗೆ ಅದಕ್ಕೂ ಕಡಿಮೆ. ನಿಧಿಗೆ ಸೇರಿ ಒಂದು ವರ್ಷವಾದರೂ ಆಗಿರಬೇಕು. ಸೇರದೇ ಇದ್ದವರಿಗೆ ಈ ಭತ್ಯೆ ಇಲ್ಲ. ಡೆನ್ಮಾರ್ಕಿಗೆ ಹೋಗುವ ನಮ್ಮ ಹುಡುಗರು, ಹುಡುಗಿಯರು ಜರ್ಮನಿಯ ಹಾಗೆ ಇಲ್ಲೂ ತಾನಾಗಿ ಕಡಿತವಾಗುತ್ತದೆ ಎಂದುಕೊಂಡು ಸುಮ್ಮನಿರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಿಧಿಗೆ ಅರ್ಜಿ ಹಾಕಬೇಕು.

ಡೆನ್ಮಾರ್ಕನ್ನು ಅರ್ಥಶಾಸ್ತ್ರಜ್ಞರು ಹೊಗಳುವುದು ಆ ಶೇಕಡಾವಾರಿಗಾಗಿ ಅಲ್ಲ. ಅಲ್ಲಿ ನೌಕರರನ್ನು ತೆಗೆಯುವುದು ಮಾಲೀಕರಿಗೆ ಸುಲಭ. ತೆಗೆಸಿಕೊಂಡವರಿಗೆ ಭತ್ಯೆ ಗಟ್ಟಿ. ಬದಲಿಗೆ ಅವರು ಕಚೇರಿ ಹೇಳಿದ ತರಬೇತಿಗೆ ಹೋಗಬೇಕು, ಕೆಲಸ ಹುಡುಕಿದ್ದಕ್ಕೆ ದಾಖಲೆ ಕೊಡಬೇಕು. ಈ ಮೂರೂ ಒಟ್ಟಿಗೆ ಸೇರಿದ್ದು 1994ರಿಂದ ಶುರುವಾದ ಸುಧಾರಣೆಗಳಲ್ಲಿ. ಅದಕ್ಕೂ ಮುಂಚೆ ಭತ್ಯೆಯ ಅವಧಿ ಬಹಳ ಉದ್ದವಿತ್ತು. ಮೊದಲು 7 ವರ್ಷಕ್ಕೆ, 90ರ ದಶಕದ ಕೊನೆಗೆ 4ಕ್ಕೆ, 2010ರ ತೀರ್ಮಾನದಿಂದ 2 ವರ್ಷಕ್ಕೆ ಇಳಿಸಿದರು. ಬೇರೆ ದೇಶಗಳು ಇದರಲ್ಲಿ ಒಂದು ಕಾಲನ್ನು ಮಾತ್ರ ಕಿತ್ತು ತಂದದ್ದುಂಟು: ತೆಗೆಯುವುದನ್ನು ಸುಲಭ ಮಾಡಿದರು, ತರಬೇತಿಗೆ ಹಣ ಇಡಲಿಲ್ಲ. ತರಬೇತಿ ತುಂಬ ದುಬಾರಿ ಬಾಬ್ತು. ಅದಿಲ್ಲದೆ ಉಳಿದ ಎರಡು ಕಾಲಿನ ಮೇಲೆ ಈ ಮಾದರಿ ನಿಲ್ಲುವುದಿಲ್ಲ.

ಹಾಗಾದರೆ ಐರೋಪ್ಯ ಒಕ್ಕೂಟ ಮಾಡುವುದೇನು? ನಿರುದ್ಯೋಗ ಭತ್ಯೆ, ಪಿಂಚಣಿ, ಮಕ್ಕಳ ಭತ್ಯೆ ಯಾವುದನ್ನೂ ಅದು ಕೊಡುವುದಿಲ್ಲ. ಹಣ ಆಯಾ ದೇಶದ್ದು, ಮೊತ್ತ ಆಯಾ ದೇಶದ ತೀರ್ಮಾನ. ಒಕ್ಕೂಟ ಮಾಡುವುದು ಎರಡು ಕೆಲಸ: ಯಾವ ದೇಶವೂ ಇಳಿಯಬಾರದ ಒಂದು ತಳಮಟ್ಟ ಹಾಕುವುದು, ದೇಶದಿಂದ ದೇಶಕ್ಕೆ ಹೋಗುವವರ ಹಕ್ಕು ನಡುದಾರಿಯಲ್ಲಿ ಕಳೆದುಹೋಗದಂತೆ ಜೋಡಿಸುವುದು.

ತಳಮಟ್ಟದ ಕಥೆ, ಒಕ್ಕೂಟಕ್ಕೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದದಿಂದ ಶುರು. ಅದರ 119ನೇ ವಿಧಿ, ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂದಿತು. ಅದರ ಹಿಂದೆ ಇದ್ದದ್ದು ವ್ಯಾಪಾರದ ಲೆಕ್ಕ: ಫ್ರಾನ್ಸಿನಲ್ಲಿ ಆ ಕಾನೂನು ಆಗಲೇ ಇತ್ತು, ಹೆಂಗಸರಿಗೆ ಕಡಿಮೆ ಕೂಲಿ ಕೊಡುವ ನೆರೆಯವರು ತನ್ನ ಜವಳಿಯನ್ನು ಹೊಡೆಯುತ್ತಾರೆಂಬ ಭಯ ಆ ದೇಶಕ್ಕೆ. ವಿಧಿ ಹದಿನೆಂಟು ವರ್ಷ ಕಾಗದದಲ್ಲೇ ಮಲಗಿತ್ತು. ಬೆಲ್ಜಿಯಂನ ಗಗನಸಖಿ ಗೇಬ್ರಿಯೆಲ್ ಡೆಫ್ರೆನ್ ತಮ್ಮ ವಿಮಾನ ಸಂಸ್ಥೆ ಸಬೇನಾದ ಮೇಲೆ ಹೂಡಿದ ದಾವೆಯಲ್ಲಿ ಒಕ್ಕೂಟದ ನ್ಯಾಯಾಲಯ 1976ರಲ್ಲಿ ತೀರ್ಪು ಕೊಟ್ಟು, ಈ ವಿಧಿಯನ್ನು ಯಾವ ನೌಕರರೂ ನೇರವಾಗಿ ತಮ್ಮ ದೇಶದ ನ್ಯಾಯಾಲಯದಲ್ಲಿ ಎತ್ತಬಹುದು ಎಂದಿತು. ಒಕ್ಕೂಟದ ಸಾಮಾಜಿಕ ನೀತಿಗೆ ಹಲ್ಲು ಬಂದದ್ದು ಅಂದು ಎಂದು ನಾನು ಎಣಿಸುತ್ತೇನೆ.

1993ರಲ್ಲಿ ಕೆಲಸದ ಸಮಯದ ನಿರ್ದೇಶನ (ದೇಶಗಳು ತಮ್ಮ ಕಾನೂನಾಗಿಸಬೇಕಾದ ಒಕ್ಕೂಟದ ನಿಯಮ) ಬಂತು: ಹೆಚ್ಚುವರಿ ಕೆಲಸವೂ ಸೇರಿ ವಾರಕ್ಕೆ ಸರಾಸರಿ 48 ಗಂಟೆ ಮೀರಬಾರದು, ಎರಡು ಪಾಳಿಗಳ ನಡುವೆ 11 ಗಂಟೆ ಬಿಡುವು, ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ. 1997ರ ಆಂಸ್ಟರ್‌ಡ್ಯಾಂ ಒಪ್ಪಂದದಲ್ಲಿ ಉದ್ಯೋಗಕ್ಕೇ ಒಂದು ಅಧ್ಯಾಯ ಸೇರಿತು. ಆಮೇಲೆ ಬಂದವು ಗುರಿಗಳು. 2000ದಲ್ಲಿ ಲಿಸ್ಬನ್‌ನಲ್ಲಿ, ಹತ್ತು ವರ್ಷದಲ್ಲಿ ಶೇ. 70 ಜನಕ್ಕೆ ಉದ್ಯೋಗ ಎಂದರು. 2008ರ ಆರ್ಥಿಕ ಕುಸಿತ ಬಂದು ಅದು ಕೈಗೂಡಲಿಲ್ಲ. ಈಗಿನ ಗುರಿ 2021ರಲ್ಲಿ ಪೋರ್ಟೊದಲ್ಲಿ ಒಪ್ಪಿದ್ದು: 2030ಕ್ಕೆ 20ರಿಂದ 64 ವಯಸ್ಸಿನವರಲ್ಲಿ ಶೇ. 78 ಜನ ಉದ್ಯೋಗದಲ್ಲಿರಬೇಕು. ಗುರಿ ತಪ್ಪಿದ ದೇಶಕ್ಕೆ ಶಿಕ್ಷೆಯಿಲ್ಲ. ಹಾಗಾಗಿ ಗುರಿಗಳನ್ನು ಓದುವಾಗ ಒಂದು ತೂಕ, ನ್ಯಾಯಾಲಯದಲ್ಲಿ ನಿಲ್ಲುವ ನಿರ್ದೇಶನಗಳನ್ನು ಓದುವಾಗ ಇನ್ನೊಂದು ತೂಕ ಇಟ್ಟುಕೊಳ್ಳಬೇಕು.

ಕನಿಷ್ಠ ವೇತನದ ವಿಷಯದಲ್ಲಿ ಈ ಮಿತಿ ಎದ್ದು ಕಾಣುತ್ತದೆ. ವೇತನ, ಸಂಘ ಕಟ್ಟುವ ಹಕ್ಕು, ಮುಷ್ಕರ, ಇವು ತನ್ನ ವ್ಯಾಪ್ತಿಯಲ್ಲಿಲ್ಲ ಎಂದು ಒಕ್ಕೂಟದ ಒಪ್ಪಂದವೇ ಹೇಳುತ್ತದೆ. ಆದ್ದರಿಂದ 2022ರ ಕನಿಷ್ಠ ವೇತನ ನಿರ್ದೇಶನ ಎಲ್ಲಿಯೂ ‘ಇಷ್ಟು ಯುರೋ ಕೊಡಿ’ ಎನ್ನುವುದಿಲ್ಲ. ದೇಶದ ನಡುಮಟ್ಟದ ವೇತನದ (ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ ಬರುವ ಮೊತ್ತ) ಶೇ. 60ನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು ಎನ್ನುತ್ತದೆ. ಕಾರ್ಮಿಕ ಸಂಘ ಮತ್ತು ಮಾಲೀಕರು ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದಗಳಡಿ ಶೇ. 80 ನೌಕರರೂ ಬರದಿದ್ದರೆ ಅದಕ್ಕೊಂದು ಯೋಜನೆ ಮಾಡಿ ಎನ್ನುತ್ತದೆ. ಇಷ್ಟಕ್ಕೇ ಡೆನ್ಮಾರ್ಕ್, ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಕಾನೂನಿನ ಕನಿಷ್ಠ ವೇತನವೇ ಇಲ್ಲ, ಎಲ್ಲವೂ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದ. ಅದರೊಳಗೆ ಬ್ರಸೆಲ್ಸ್, ಅಂದರೆ ಒಕ್ಕೂಟದ ಆಡಳಿತ, ಕೈ ಹಾಕುವುದು ಅವರಿಗೆ ಬೇಡ. 2025ರ ನವೆಂಬರ್‌ನಲ್ಲಿ ನ್ಯಾಯಾಲಯ ನಿರ್ದೇಶನದ ಬಹುಭಾಗವನ್ನು ಎತ್ತಿಹಿಡಿದು, ವೇತನ ನಿಗದಿಗೆ ನೇರವಾಗಿ ಕೈಹಾಕುವ ಅಂಶಗಳನ್ನು ತೆಗೆದುಹಾಕಿತು. ಸ್ವೀಡನ್, ಫಿನ್ಲೆಂಡ್, ಆಸ್ಟ್ರಿಯ, ಇಟಲಿಗಳಲ್ಲೂ ಕಾನೂನಿನ ಕನಿಷ್ಠ ವೇತನವಿಲ್ಲ. ಜರ್ಮನಿಗೇ ಅದು ಬಂದದ್ದು 2015ರಲ್ಲಿ, ಗಂಟೆಗೆ 8.50 ಯುರೋ, 2026ರ ಜನವರಿಯಿಂದ 13.90. ಒಕ್ಕೂಟದೊಳಗಿನ ಅಂತರ ನೋಡಿ: 2025ರ ಆರಂಭದಲ್ಲಿ ತಿಂಗಳ ಕನಿಷ್ಠ ವೇತನ ಬಲ್ಗೇರಿಯದಲ್ಲಿ ಸುಮಾರು 550 ಯುರೋ, ಲಕ್ಸೆಂಬರ್ಗ್‌ನಲ್ಲಿ 2,600ಕ್ಕೂ ಹೆಚ್ಚು. ಇಷ್ಟು ದೂರದ ಎರಡು ತುದಿಗೆ ಒಂದೇ ಭತ್ಯೆ, ಒಂದೇ ಕಾನೂನು ಕೂಡುವುದಾದರೂ ಹೇಗೆ?

ಇಷ್ಟು ವರ್ಷಗಳಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಯಾವುದು ಎಂದರೆ ನಾನು ತೋರಿಸುವುದು ಜರ್ಮನಿಯ ‘ಕುರ್ಟ್ಸ್‌ಆರ್ಬೈಟ್’, ಅಂದರೆ ಅಲ್ಪಾವಧಿ ಕೆಲಸ. ಬೇಡಿಕೆ ಕುಸಿದಾಗ ಕಂಪನಿ ಯಾರನ್ನೂ ತೆಗೆಯದೆ ಎಲ್ಲರ ಗಂಟೆಗಳನ್ನು ಇಳಿಸುತ್ತದೆ. ದುಡಿದ ಗಂಟೆಗೆ ಕಂಪನಿ ಸಂಬಳ ಕೊಡುತ್ತದೆ. ಕಳೆದುಕೊಂಡ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ ಶೇ. 67, ವಿಮಾ ನಿಧಿಯಿಂದ ಬರುತ್ತದೆ. ತಿಂಗಳಿಗೆ 3,000 ಯುರೋ ಕೈಗೆ ಬರುತ್ತಿದ್ದವರ ಕೆಲಸ ಅರ್ಧಕ್ಕೆ ಇಳಿಯಿತು ಎನ್ನಿ: ತೆರಿಗೆಯ ಏರುಪೇರು ಬಿಟ್ಟರೆ 1,500 ಕಂಪನಿಯಿಂದ, ಉಳಿದ 1,500ರ ಶೇ. 60 ಅಂದರೆ 900 ನಿಧಿಯಿಂದ, ಒಟ್ಟು 2,400. ಅರ್ಧ ಕೆಲಸ ಹೋದರೂ ಮನೆಗೆ ಬರುವ ಹಣದಲ್ಲಿ ಐದನೇ ಒಂದು ಭಾಗ ಮಾತ್ರ ಕಡಿಮೆ. 2009ರಲ್ಲಿ ಜರ್ಮನಿಯ ಉತ್ಪಾದನೆ ಶೇ. 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಈ ವ್ಯವಸ್ಥೆಯಡಿ ಇದ್ದರು. ಆ ವರ್ಷ ಒಕ್ಕೂಟವೂ 10,000 ಕೋಟಿ ಯುರೋವರೆಗಿನ ಸಾಲದ ಯೋಜನೆ ತಂದು, ಇಂಥದೇ ವ್ಯವಸ್ಥೆ ನಡೆಸಲು 19 ದೇಶಗಳಿಗೆ ನೆರವಾಯಿತು. ಇದಕ್ಕೂ ಮಿತಿಯಿದೆ. ತಾತ್ಕಾಲಿಕ ಕುಸಿತಕ್ಕೆ ಇದು ಒಳ್ಳೆಯ ಮದ್ದು. ಉದ್ಯಮವೇ ಸಾಯುತ್ತಿದ್ದರೆ, ಬೇರೆಡೆ ಹೋಗಬೇಕಾದ ನೌಕರರನ್ನು ಅಲ್ಲೇ ಕಟ್ಟಿಹಾಕುತ್ತದೆ. ನಿಮ್ಮ ಮಗನ ಕಂಪನಿಯಲ್ಲಿ ಜನರನ್ನು ತೆಗೆಯುವ ಬದಲು ಇದನ್ನು ತರಬಹುದೇ ಎಂದು ಅಲ್ಲಿನ ನೌಕರರ ಮಂಡಳಿ (ನೌಕರರೇ ಆರಿಸಿದ ಪ್ರತಿನಿಧಿಗಳು) ಕೇಳಬಹುದು. ಮಂಡಳಿ ಇದ್ದರೆ ತೆಗೆಯುವ ಮುನ್ನ ಅದರ ಅಭಿಪ್ರಾಯ ಕೇಳಲೇಬೇಕೆಂದು ಕಾನೂನಿದೆ.

ಕೆಟ್ಟುಹೋದದ್ದಕ್ಕೆ ಸ್ಪೇನ್ ಸಾಕು. 1984ರಲ್ಲಿ, ಖಾಯಂ ನೌಕರರ ರಕ್ಷಣೆಯನ್ನು ಮುಟ್ಟದೆ, ತಾತ್ಕಾಲಿಕ ಒಪ್ಪಂದದ ನೇಮಕವನ್ನು ಸುಲಭ ಮಾಡಿದರು. ಇಪ್ಪತ್ತು ವರ್ಷದಲ್ಲಿ ಮೂವರಲ್ಲಿ ಒಬ್ಬ ನೌಕರ ತಾತ್ಕಾಲಿಕ. 2008ರ ನಂತರ ಕಟ್ಟಡ ಕೆಲಸ ನಿಂತಾಗ ಗಂಟೆ ಇಳಿಸುವ ಗೋಜಿಗೆ ಯಾರೂ ಹೋಗಲಿಲ್ಲ, ತಾತ್ಕಾಲಿಕ ಒಪ್ಪಂದಗಳನ್ನು ಮುಂದುವರಿಸದೆ ಬಿಟ್ಟರು. 2007ರಲ್ಲಿ ಶೇ. 8ರ ಸುತ್ತ ಇದ್ದ ನಿರುದ್ಯೋಗ 2013ರಲ್ಲಿ ಶೇ. 26 ಮುಟ್ಟಿತು, ಇಪ್ಪತ್ತೈದರೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು. ಒಪ್ಪಂದಗಳು ಚಿಕ್ಕವಾದ್ದರಿಂದ ಬಹಳ ಜನರ ಕಂತಿನ ತಿಂಗಳುಗಳು ಭತ್ಯೆಗೆ ಸಾಲಲೂ ಇಲ್ಲ. ಬಿಸ್ಮಾರ್ಕ್ ಮಾದರಿಯ ನಿಜವಾದ ದೌರ್ಬಲ್ಯ ಇದೇ: ಯಾರಿಗೆ ಹೆಚ್ಚು ಬೇಕೋ ಅವರ ಕಂತು ಕಡಿಮೆ ಇರುತ್ತದೆ. 2021ರ ಡಿಸೆಂಬರ್‌ನಲ್ಲಿ ಸ್ಪೇನ್, ಖಾಯಂ ನೇಮಕವೇ ನಿಯಮ ಎಂದು ಕಾನೂನು ತಿದ್ದಿತು. ತಾತ್ಕಾಲಿಕ ನೌಕರರು ನಾಲ್ವರಲ್ಲಿ ಒಬ್ಬರಿದ್ದದ್ದು ಆರರಲ್ಲಿ ಒಬ್ಬರ ಆಸುಪಾಸಿಗೆ ಇಳಿದರು. ಆದರೆ ಅವರಲ್ಲಿ ಒಂದು ಭಾಗ ‘ಖಾಯಂ, ಆದರೆ ಋತುವಿಗೆ ಮಾತ್ರ ಕೆಲಸ’ ಎಂಬ ಬಗೆಗೆ ಸೇರಿದ್ದಾರೆ. ಹೆಸರು ಖಾಯಂ, ಬಿಡುವಿನ ತಿಂಗಳಲ್ಲಿ ಸಂಬಳವಿಲ್ಲ. ಊಟ ತಲುಪಿಸುವ, ಬಾಡಿಗೆ ಕಾರು ಓಡಿಸುವ ಆ್ಯಪ್ ಕೆಲಸಗಾರರಲ್ಲಿ ಬಹಳ ಮಂದಿ ನೌಕರರೆಂದೇ ಗಣನೆಗೆ ಬರದೆ ವಿಮೆಯ ಹೊರಗಿದ್ದಾರೆ. ಅವರಿಗಾಗಿ ಒಕ್ಕೂಟ 2024ರಲ್ಲಿ ತಂದ ನಿರ್ದೇಶನವನ್ನು ದೇಶಗಳು 2026ರ ಡಿಸೆಂಬರ್ ಒಳಗೆ ತಮ್ಮ ಕಾನೂನಾಗಿಸಬೇಕು.

ಕೊನೆಗೆ, ನಿಮ್ಮ ಮಗ ಜರ್ಮನಿ ಬಿಡುವುದಾದರೆ. ಐರೋಪ್ಯ ಒಕ್ಕೂಟದ ಬೇರೆ ದೇಶಕ್ಕೆ ಹೋದರೆ ಜರ್ಮನಿಯ ಕಂತಿನ ತಿಂಗಳುಗಳನ್ನು ಅಲ್ಲಿ ಸೇರಿಸಿಕೊಳ್ಳಬಹುದು. ಅದಕ್ಕೆ ‘ಯು1’ ಎಂಬ ನಮೂನೆಯನ್ನು ಉದ್ಯೋಗ ಕಚೇರಿಯಿಂದ ಹೊರಡುವ ಮುನ್ನವೇ ಪಡೆಯಬೇಕು. ಒಕ್ಕೂಟದ ಹೊರಗಿನವರಿಗೆ ಈ ನಿಯಮ ಡೆನ್ಮಾರ್ಕಿನಲ್ಲಿ ಅನ್ವಯಿಸುವುದಿಲ್ಲ. ಭಾರತಕ್ಕೆ ಮರಳಿದರೆ ನಿರುದ್ಯೋಗ ಭತ್ಯೆ ನಿಲ್ಲುತ್ತದೆ. ಪಿಂಚಣಿ ಕಂತು ಹಾಗಲ್ಲ. ಸಂಬಳದ ಶೇ. 18.6 ಪಿಂಚಣಿಗೆ ಹೋಗುತ್ತದೆ, ಅದರಲ್ಲೂ ಅರ್ಧ ನೌಕರರದು. 60 ತಿಂಗಳು ತುಂಬಿರದಿದ್ದರೆ, ಜರ್ಮನಿ ಬಿಟ್ಟು 24 ತಿಂಗಳಾದ ಮೇಲೆ ತಮ್ಮ ಪಾಲನ್ನು ವಾಪಸ್ ಕೇಳಬಹುದು. ಕಂಪನಿಯ ಪಾಲು ಬರುವುದಿಲ್ಲ. ಆದರೆ ವಾಪಸ್ ಪಡೆದ ದಿನವೇ ಆ ತಿಂಗಳುಗಳೆಲ್ಲ ದಾಖಲೆಯಿಂದ ಅಳಿಸಿಹೋಗುತ್ತವೆ. 2017ರ ಮೇ 1ರಿಂದ ಭಾರತ ಮತ್ತು ಜರ್ಮನಿಯ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ಎರಡೂ ದೇಶಗಳಲ್ಲಿ ಪಿಂಚಣಿಗೆ ಕಟ್ಟಿದ ಅವಧಿಗಳನ್ನು ಕೂಡಿಸಿ ಅರ್ಹತೆ ಲೆಕ್ಕ ಹಾಕಲು ಅದರಲ್ಲಿ ಅವಕಾಶವಿದೆ. ಹಾಗಾಗಿ ಹಣ ವಾಪಸ್ ಕೇಳುವ ಮುನ್ನ ಇಲ್ಲಿನ ಪಿಎಫ್ ದಾಖಲೆಗಳನ್ನೂ ಅಲ್ಲಿನ ಪಿಂಚಣಿ ವಿಮಾ ಸಂಸ್ಥೆ ಕಳಿಸುವ ಅವಧಿಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಸಂಬಳ ಚೀಟಿ, ಸಾಮಾಜಿಕ ವಿಮೆಯ ಸಂಖ್ಯೆ ಇರುವ ಪತ್ರ, ಕೆಲಸ ಬಿಡುವಾಗ ಕಂಪನಿ ಕೊಡುವ ಪ್ರಮಾಣಪತ್ರ, ಈ ಮೂರರ ಪ್ರತಿ ನಿಮ್ಮ ಮನೆಯಲ್ಲೂ ಒಂದು ಇರಲಿ.